ಹದಿನೈದು ದಿನದೊಳಗೆ ಉತ್ತರಿಸತಕ್ಕದ್ದು

ಜನವರಿ ೬

ಇವರಿಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕರು,
ಲಿಫ್ಟ್ ಕಂಪನಿಯ ಪ್ರಧಾನ ಕಚೇರಿ, ಆರನೇ ಮಹಡಿ.

ವಿಷಯ: ಮುಖ್ಯ ಕಾರ್ಯನಿರ್ವಾಹಕರ ಕರ್ತವ್ಯ ಮತ್ತು ಜವಾಬ್ದಾರಿಗಳ ಬಗ್ಗೆ ಮಾಹಿತಿ ಕೋರಿ.
ಉಲ್ಲೇಖ: ಇಪ್ಪತ್ತೊಂದು ವರ್ಷಗಳ ಹಿಂದೆ ಆಸ್ಪತ್ರೆಯೊಂದರಿಂದ ತಾವು ಸಹಿ ಹಾಕಿ ಪಡೆದ ಒಂದು ನಗ, ತೂಕ ಎರಡೂಮುಕ್ಕಾಲು ಕಿಲೊ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಉಲ್ಲೇಖದಲ್ಲಿರುವ ನಗ ನಾನೇ.

ಫೋನ್ ಮಾಡಿದರೆ ತಾವು "ಆ ವಿಷಯ ಬೇಡ, ವಕೀಲರು ಮಾತಾಡಬೇಡಿ ಅಂದಿದಾರೆ" ಎಂದು ಇಟ್ಟುಬಿಡುತ್ತೀರಿ. ಅಮ್ಮನಿಗೆ ಮಾಡಿದರೆ "ಊಟ ಆಯ್ತಾ?" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಹುದ್ದೆಯ ಹೆಸರಿಗೆ ಬಂದ ಪ್ರತಿ ಪತ್ರಕ್ಕೂ ಇನ್‌ವರ್ಡ್ ನಂಬರ್ ಹಾಕಿ ಹದಿನೈದು ದಿನದೊಳಗೆ ಉತ್ತರಿಸತಕ್ಕದ್ದು ಎಂಬ ನಿಯಮವನ್ನು ತಾವೇ ಮಾಡಿದ್ದೀರಿ. ಆದ್ದರಿಂದ ಈ ರಿಜಿಸ್ಟರ್ಡ್ ಪೋಸ್ಟು. ಸೆಕ್ರೆಟರಿ ಆಂಟಿ, ಮೊದಲು ನೀವೇ ಒಡೆದು ಓದುತ್ತೀರಿ ಅಂತ ಗೊತ್ತು. ನಗಬೇಡಿ, ನಂಬರ್ ಹಾಕಿ.

ಡಿಸೆಂಬರ್ ೧೨ರಂದು ತಮ್ಮ ಕಂಪನಿಯ ಹಿರಿಯ ಫಿಟ್ಟರ್ ಒಬ್ಬರು ಗ್ರಂಥಾಲಯದ ಹೊಸ ಲಿಫ್ಟಿನಲ್ಲಿ ಏನೋ ಸದ್ದು ಬರುತ್ತಿದೆ ಎಂದು ನೋಡಲು ಲಿಫ್ಟಿನ ತಳದ ಗುಂಡಿಗೆ ಇಳಿದರು. ಗುಂಡಿಯಲ್ಲಿ ಒಂದು ಕೆಂಪು ಬಟನ್ ಇರುತ್ತದೆ. ಇಳಿದವರು ಅದನ್ನು ಒತ್ತಿದರೆ ಮೇಲೆ ಯಾರು ಎಷ್ಟು ಕರೆದರೂ ಲಿಫ್ಟ್ ಅಲುಗಾಡಬಾರದು. ಅವತ್ತು ಯಾರೋ ಕರೆದರು, ಲಿಫ್ಟ್ ಇಳಿಯಿತು. ಫಿಟ್ಟರ್‌ಗೆ ಈಗ ಎಡಗಾಲು ಮೊಣಕಾಲಿನವರೆಗೆ ಮಾತ್ರ ಇದೆ. ಅವರನ್ನು ನಾನು ಓದುತ್ತಿರುವ ಕಾಲೇಜಿನ ಆಸ್ಪತ್ರೆಗೇ ತಂದಿದ್ದಾರೆ. ಮೂರನೇ ವಾರ್ಡು, ಹನ್ನೊಂದನೇ ಹಾಸಿಗೆ. ಫಿಸಿಯೋಥೆರಪಿ ಕೊನೇ ವರ್ಷದವರಿಗೆ ರೋಗಿಗಳನ್ನು ಹಂಚಿದಾಗ ನನ್ನ ಪಾಲಿಗೆ ಬಂದದ್ದು ಅವರೇ. ಊರುಗೋಲು ಹಿಡಿದು ನಿಲ್ಲುವುದನ್ನು ಕಲಿಸುತ್ತಿದ್ದೇನೆ.

ಈ ಫಿಟ್ಟರ್ ಯಾರೆಂದು ತಮಗೆ ನೆನಪಿಲ್ಲದಿದ್ದಲ್ಲಿ: ಸ್ಪ್ಯಾನರ್ ಮಾಮ. ತಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು. ತಾವು "ಗುರು" ಎಂದು ಕರೆಯುತ್ತಿದ್ದವರು. ನನ್ನನ್ನು ಎತ್ತಿಕೊಂಡಾಗಲೆಲ್ಲ ಸ್ಕೂಲ್ ಅಂಗಿಯ ಮೇಲೆ ಗ್ರೀಸಿನ ಹೆಬ್ಬೆರಳು ಮೂಡಿಸಿ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದವರು.

ಜನವರಿ ೨ರಂದು ಕಂಪನಿಯ ವಿಚಾರಣಾ ವರದಿ ಅವರ ಹಾಸಿಗೆಗೇ ಬಂತು. "ಸದರಿ ಕಾರ್ಮಿಕನು ಕೆಂಪು ಬಟನ್ ಒತ್ತದೆ ಗುಂಡಿಗೆ ಇಳಿದ ನಿರ್ಲಕ್ಷ್ಯವೇ ಅವಘಡಕ್ಕೆ ಕಾರಣ." ಬಟನ್ ಸರಿಯಿತ್ತು ಎಂದು ಕಮಿಟಿಯವರಿಗೆ ಹೇಗೆ ಗೊತ್ತು? ಗುಂಡಿಗೆ ಇಳಿದು ನೋಡಿದರೇ? ಇಲ್ಲ. ಬಟನ್ ಸರಿಯಿದೆ ಎಂದು ಪ್ರಮಾಣಪತ್ರದಲ್ಲಿ ಬರೆದಿದೆ. ಆದ್ದರಿಂದ ಸರಿಯಿದೆ. ಸರಿಯಿದ್ದ ಮೇಲೆ ಒತ್ತಿದ್ದರೆ ಲಿಫ್ಟ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಆದ್ದರಿಂದ ಒತ್ತಿಲ್ಲ. ಎಂಥಾ ತರ್ಕ! ಕುರ್ಚಿ ಬಿಟ್ಟು ಏಳದೆ ಸತ್ಯ ಕಂಡುಹಿಡಿದಿದ್ದಾರೆ.

ಮಾಮ ವರದಿಯನ್ನು ಎರಡು ಸಲ ಓದಿ, ಮಡಚಿ, ದಿಂಬಿನಡಿ ಇಟ್ಟರು. ಆಮೇಲೆ ನನಗೆ ಹೇಳಿದರು: "ನಾನೇ ಮರ್ತಿರ್ಬೇಕು ಪುಟ್ಟಿ. ವಯಸ್ಸಾಯ್ತಲ್ಲ."

ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಮರೆಯದವರು.

ತಮ್ಮ ಕಂಪನಿಯ ವಾರ್ಷಿಕ ಪುಸ್ತಿಕೆಯಲ್ಲಿ ಮುಖ್ಯ ಕಾರ್ಯನಿರ್ವಾಹಕರ ಕರ್ತವ್ಯಗಳನ್ನು ನೋಡಿದೆ. ದಿಕ್ಕು ತೋರುವುದು, ದೂರದೃಷ್ಟಿ ಇಟ್ಟುಕೊಳ್ಳುವುದು, ಕಂಪನಿಯ ಮುಖವಾಗಿ ನಿಲ್ಲುವುದು. ಬಸ್ಸಿನಲ್ಲಿ ಟಿಕೆಟ್ ಹರಿಯುವವರಿಗೂ ನಿರ್ವಾಹಕರು ಅಂತಾರೆ. ಅವರಾದರೂ ಬಸ್ಸಿನ ಒಳಗೆ ಇರುತ್ತಾರೆ.

ಸೂಕ್ತ ಉತ್ತರ ಕೋರಿ,
ತಮ್ಮ ವಿಶ್ವಾಸಿ,
ಕಿತಾಪತಿ
(ಈ ಹೆಸರನ್ನು ಇಟ್ಟವರೂ ತಾವೇ)

*

ಜನವರಿ ೨೦

ಇನ್‌ವರ್ಡ್ ನಂ. ೪೧ಕ್ಕೆ ಉತ್ತರ

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಸದರಿ ವಿಷಯವು ಕಾರ್ಖಾನೆ ಇನ್‌ಸ್ಪೆಕ್ಟರ್ ಅವರ ಮುಂದೆ ವಿಚಾರಣೆಯಲ್ಲಿರುವುದರಿಂದ ಈ ಹಂತದಲ್ಲಿ ಹೆಚ್ಚಿನ ಪ್ರತಿಕ್ರಿಯೆ ನೀಡಲಾಗದು. ವಿಚಾರಣೆ ಫೆಬ್ರವರಿ ೨೭ಕ್ಕೆ ನಿಗದಿಯಾಗಿದೆ. ಗಾಯಾಳು ಕಾರ್ಮಿಕರ ಚಿಕಿತ್ಸೆಯನ್ನು ಕಂಪನಿ ನೋಡಿಕೊಳ್ಳುತ್ತಿದೆ. ಮುಖ್ಯ ಕಾರ್ಯನಿರ್ವಾಹಕರ ಕರ್ತವ್ಯಗಳ ಪ್ರತಿಯನ್ನು ಲಗತ್ತಿಸಿದೆ.

ತಮ್ಮ ಓದಿಗೆ ಶುಭ ಹಾರೈಸುತ್ತಾ,

(ಸಹಿ)
ಮುಖ್ಯ ಕಾರ್ಯನಿರ್ವಾಹಕರು

*

ಜನವರಿ ೨೪

ಮಾನ್ಯರೇ,

ಹದಿನಾಲ್ಕನೇ ದಿನ ಉತ್ತರ ಬಂದಿದೆ. ನಿಯಮಪಾಲನೆಗೆ ಅಭಿನಂದನೆಗಳು. "ತಮ್ಮ ಓದಿಗೆ ಶುಭ ಹಾರೈಸುತ್ತಾ" ಎಂಬ ಸಾಲನ್ನು ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿದ್ದೇನೆ. ಓದಿದವರೆಲ್ಲ "ಯಾರೇ ಇದು, ಬ್ಯಾಂಕ್ ಮ್ಯಾನೇಜರಾ?" ಎಂದು ಕೇಳುತ್ತಿದ್ದಾರೆ.

ಈಗ ಒಂದು ತಪ್ಪೊಪ್ಪಿಗೆ. ನಾನು ಹನ್ನೆರಡು ವರ್ಷದವಳಿದ್ದಾಗ ಒಂದು ಭಾನುವಾರ ನಿಮ್ಮ ಸಹಿಯ ರಬ್ಬರ್ ಸೀಲು ಮನೆಗೆ ಬಂದಿತ್ತು. ಅದನ್ನು ಬಾಳೆಹಣ್ಣಿಗೆ ಒತ್ತಿದೆ, ಪಕ್ಕದ ಮನೆಯ ಬೆಕ್ಕಿಗೆ ಒತ್ತಿದೆ, ಗಣಿತದಲ್ಲಿ ಫೇಲಾದ ನನ್ನ ಅಂಕಪಟ್ಟಿಗೂ ಒತ್ತಿದೆ. ಟೀಚರ್ ಒಪ್ಪಿಕೊಂಡರು. ಆದರೆ ನಕಲಿಗೂ ಒಂದು ಗುರುತಿರಬೇಕು ಎಂಬ ನೀತಿವಂತೆ ನಾನು. ಹಾಗಾಗಿ ಬ್ಲೇಡ್ ತಗೊಂಡು ಸಹಿಯ ಬಾಲದ ತುದಿಯನ್ನು ಒಂದು ಅಕ್ಕಿಕಾಳಿನಷ್ಟು ಕತ್ತರಿಸಿಬಿಟ್ಟೆ. ಕೈಯಲ್ಲಿ ಹಾಕಿದ ನಿಮ್ಮ ಸಹಿಗೆ ಉದ್ದ ಬಾಲ. ಸೀಲಿನ ಸಹಿಗೆ ಮೋಟು ಬಾಲ.

ಒಂಬತ್ತು ವರ್ಷ! ಒಂಬತ್ತು ವರ್ಷದಿಂದ ಮೋಟು ಬಾಲದ ಸಹಿ ಊರೆಲ್ಲ ಓಡಾಡುತ್ತಿದೆ. ತಾವು ಒಂದು ಸಲವೂ ಗಮನಿಸಿಲ್ಲ. ಯಾಕೆಂದರೆ ತಮ್ಮ ಹೆಸರಲ್ಲಿ ಏನೇನು ಹೊರಗೆ ಹೋಗುತ್ತದೆ ಎಂದು ತಾವು ನೋಡುವುದೇ ಇಲ್ಲ.

ನನಗೆ ಬಂದ ಉತ್ತರದ ಸಹಿಗೆ ಮೋಟು ಬಾಲ. ಇರಲಿ, ಮಗಳಿಗೆ ಅಷ್ಟೇ ಸಾಕು. ವಿಚಾರಣಾ ವರದಿಗೂ ಮೋಟು ಬಾಲ. ವರದಿಯ ಜೊತೆ ಬಂದ, ಗ್ರಂಥಾಲಯದ ಲಿಫ್ಟಿನ ಪ್ರಮಾಣಪತ್ರದ ಪ್ರತಿ ಮಾಮನ ಹತ್ತಿರ ಇದೆ. "ಗುಂಡಿಯ ಕೆಂಪು ಬಟನ್ ಸೇರಿ ಎಲ್ಲವನ್ನೂ ಖುದ್ದಾಗಿ ಪರೀಕ್ಷಿಸಿದ್ದೇನೆ." ತಾರೀಖು ಡಿಸೆಂಬರ್ ೯. ಅದಕ್ಕೂ ಮೋಟು ಬಾಲ!

ಡಿಸೆಂಬರ್ ೯ರಂದು ತಾವು ಎಲ್ಲಿದ್ದಿರಿ? ನನ್ನ ಕಾಲೇಜಿನ ಬಹುಮಾನ ಸಮಾರಂಭದಲ್ಲಿ, ಮೊದಲ ಸಾಲಿನಲ್ಲಿ. ನಾಲ್ಕು ವರ್ಷದಲ್ಲಿ ಮೊದಲ ಸಲ ಬಂದಿದ್ದಿರಿ. ನನ್ನ ಹತ್ತಿರ ಫೋಟೋ ಇದೆ. ಎಷ್ಟು ಖುಷಿಪಟ್ಟಿದ್ದೆ ಗೊತ್ತಾ?

ಮೊದಲ ಸವಾರಿ ನೆನಪಿದೆಯೇ ಮಾನ್ಯರೇ? ಹೊಸ ಲಿಫ್ಟನ್ನು ಒಪ್ಪಿಸುವ ಮುಂಚೆ ಕಂಪನಿಯ ಮುಖ್ಯಸ್ಥನೇ ಗುಂಡಿಗೆ ಇಳಿದು, ಪ್ರತಿ ಬಟನ್ ಒತ್ತಿ, ಆಮೇಲೆ ಮೇಲಿನ ಮಹಡಿಯಿಂದ ಕೆಳಗಿನವರೆಗೆ ತಾನೇ ಮೊದಲು ಸವಾರಿ ಮಾಡಬೇಕು ಎಂಬುದು ಕಂಪನಿ ಕಟ್ಟಿದವರ ಪದ್ಧತಿ. ಕಂಪನಿಯಲ್ಲಿ ಬರೀ ಒಂಬತ್ತು ಜನ ಇದ್ದಾಗ ತಾವೂ ಮಾಡುತ್ತಿದ್ದಿರಿ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಿರಿ. ನಾನು ಮಹಡಿಗಳ ನಡುವೆ ಕೆಂಪು ಬಟನ್ ಒತ್ತಿ ನಿಲ್ಲಿಸಿ ಕೇಕೆ ಹಾಕುತ್ತಿದ್ದೆ. ಹೊರಗಿಂದ ಮಾಮ "ನಿಂತ್ತಾ? ನಿಂತ್ರೆ ಸರಿ, ಸಹಿ ಹಾಕಪ್ಪಾ" ಎಂದು ಕೂಗುತ್ತಿದ್ದರು.

ಕಂಪನಿ ದೊಡ್ಡದಾಯಿತು. ತಮ್ಮ ಬದಲಿಗೆ ರಬ್ಬರಿನ ತುಂಡು ಸವಾರಿ ಮಾಡತೊಡಗಿತು.

ಹದಿನೈದು ದಿನ. ಎಣಿಸುತ್ತಿದ್ದೇನೆ.

ಕಿತಾಪತಿ

*

ಜನವರಿ ೩೧

ಮಗಳೇ,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ, ಕಚೇರಿಯಿಂದಲ್ಲ. ಇನ್ನು ಕಚೇರಿಗೆ ಪತ್ರ ಹಾಕಬೇಡ. ಎಲ್ಲರೂ ಓದುತ್ತಾರೆ.

ಸೀಲಿನ ವಿಷಯ ನೀನು ಬರೆದದ್ದು ಒಳ್ಳೆಯದಾಯಿತು. ವಕೀಲರಿಗೆ ತೋರಿಸಿದೆ. ಪ್ರಮಾಣಪತ್ರದ ಸಹಿ ನನ್ನದಲ್ಲ ಎಂದು ಅದರಿಂದ ಸಾಬೀತು ಮಾಡಬಹುದಂತೆ. ಅವತ್ತು ನಾನು ನಿನ್ನ ಕಾಲೇಜಿನಲ್ಲಿದ್ದೆ ಎಂಬುದಕ್ಕೆ ನಿನ್ನ ಫೋಟೋವೂ ಬೇಕಾಗಬಹುದು. ಕಳಿಸು.

ಸಾವಿರದ ಇನ್ನೂರು ಜನ ಈ ಕಂಪನಿಯನ್ನು ನಂಬಿಕೊಂಡಿದ್ದಾರೆ. ಅದು ನಿನಗೆ ಈಗ ಅರ್ಥವಾಗುವುದಿಲ್ಲ. ಅವನ ಕಾಲಿನ ಬಗ್ಗೆ ನನಗೂ ಬೇಜಾರಿದೆ.

ಅಮ್ಮ ಸ್ವೆಟರ್ ಕಳಿಸಿದ್ದಾಳೆ.

ಅಪ್ಪ

*

ಫೆಬ್ರವರಿ ೯

ಪ್ರೀತಿಯ ಕಿತಾಪತಿಗೆ,

ನೀನು ಹೇಗಿದ್ದೀಯಮ್ಮಾ? ಇನ್ನು ಮುಂದೆ ನಿನ್ನ ಪತ್ರಗಳಿಗೆ ಇನ್‌ವರ್ಡ್ ನಂಬರ್ ಹಾಕುವವಳು ನಾನಲ್ಲ. ಐದನೇ ತಾರೀಖಿನಿಂದ ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ. ಮುಖ್ಯಸ್ಥರ ಸೀಲನ್ನು ಅವರಿಗೆ ತಿಳಿಸದೆ ಪ್ರಮಾಣಪತ್ರಕ್ಕೆ ಒತ್ತಿದೆ ಎಂಬ ಆರೋಪ. ವಿಚಾರಣೆಯಲ್ಲಿ ಕಂಪನಿ ಹಾಗೆಯೇ ಹೇಳುತ್ತದಂತೆ. ಹತ್ತೊಂಬತ್ತು ವರ್ಷ ಕೂತ ಮೇಜನ್ನು ಹತ್ತು ನಿಮಿಷದಲ್ಲಿ ಖಾಲಿ ಮಾಡಿಸಿದರು. ಪಕ್ಕದಲ್ಲಿ ಸೆಕ್ಯೂರಿಟಿಯವನು ನಿಂತಿದ್ದ. ಪಾಪ, ಅವನು ನನಗಿಂತ ಹೆಚ್ಚು ನಾಚಿಕೊಂಡಿದ್ದ.

ನಿನಗೆ ಒಂದು ಮಾತು ಮಾತ್ರ ಹೇಳಬೇಕು. ನಾನು ಇಷ್ಟು ವರ್ಷದಲ್ಲಿ ಹೇಳದೆ ಒಂದು ಸಲವೂ ಸೀಲು ಒತ್ತಿಲ್ಲ. ಅವತ್ತು ಬೆಳಗ್ಗೆ ಗ್ರಂಥಾಲಯದವರು ಉದ್ಘಾಟನೆ ಇದೆ, ಪ್ರಮಾಣಪತ್ರ ಬೇಕೇ ಬೇಕು ಅಂತ ಕೂತಿದ್ದರು. ಗುಂಡಿಯ ವೈರಿಂಗ್ ಇನ್ನೂ ಬಾಕಿ ಇದೆ ಅಂತ ಸೈಟಿನವರೂ ಹೇಳಿದ್ದರು. ಹನ್ನೊಂದೂಕಾಲಿಗೆ ನಿಮ್ಮಪ್ಪನೇ ಫೋನ್ ಮಾಡಿದರು. ನಾನು ವೈರಿಂಗ್ ವಿಷಯ ಹೇಳಿದೆ. "ಅದು ನಾಳೆ ಆಗತ್ತೆ, ನೀವು ಸೀಲ್ ಹಾಕಿ ಕಳ್ಸಿಬಿಡಿ, ನಾನಿಲ್ಲಿ ಮಗಳ ಕಾರ್ಯಕ್ರಮದಲ್ಲಿದೀನಿ" ಅಂದರು. ಹಿಂದಿನಿಂದ ಚಪ್ಪಾಳೆ ಕೇಳಿಸುತ್ತಿತ್ತು. ಮರುದಿನ ಅದು ಆಗಲಿಲ್ಲ. ಎಲ್ಲರೂ ಮರೆತರು.

ನಿನ್ನ ಮೇಲೆ ನನಗೆ ಕೋಪ ಇಲ್ಲ. ಚೆನ್ನಾಗಿ ಓದು.

ನಿನ್ನ,
ಸೆಕ್ರೆಟರಿ ಆಂಟಿ

*

ಫೆಬ್ರವರಿ ೧೨

ಅಪ್ಪ,

ಇವತ್ತು ಮಾನ್ಯರೂ ಇಲ್ಲ, ತಾವೂ ಇಲ್ಲ. ಆದರೆ ಕಚೇರಿಗೇ ಹಾಕುತ್ತಿದ್ದೇನೆ. ಎಲ್ಲರೂ ಓದಲಿ.

ನೀನು ಕೇಳಿದ ಫೋಟೋ ಇದರ ಜೊತೆ ಇದೆ. ನೋಡು. ವೇದಿಕೆಯ ಮೇಲೆ ನಾನು, ಕೈಯಲ್ಲಿ ಬಹುಮಾನ. ನನ್ನ ಹಿಂದಿರುವ ಗೋಡೆ ಗಡಿಯಾರದಲ್ಲಿ ಹನ್ನೊಂದು ಗಂಟೆ ಹದಿನಾರು ನಿಮಿಷ. ಮೊದಲ ಸಾಲಿನಲ್ಲಿ ನೀನು. ಸುತ್ತಲಿನ ಅಪ್ಪ ಅಮ್ಮಂದಿರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾರೆ. ನಿನ್ನ ಒಂದು ಕೈಯಲ್ಲಿ ಫೋನು, ಕಿವಿಗೆ ಒತ್ತಿ ಹಿಡಿದಿದ್ದೀಯ. ಇನ್ನೊಂದು ಕೈ ಇನ್ನೊಂದು ಕಿವಿಯ ಮೇಲೆ, ಚಪ್ಪಾಳೆ ಕೇಳಿಸಬಾರದು ಅಂತ.

ಎರಡು ತಿಂಗಳು ಈ ಫೋಟೋವನ್ನು ಪುಸ್ತಕದೊಳಗೆ ಇಟ್ಟುಕೊಂಡು ಓಡಾಡಿದೆ. ಮಗಳ ಹೆಸರು ಕೂಗಿದಾಗ ಅಪ್ಪನಿಗೆ ಏನೋ ತುರ್ತು ಕರೆ ಬಂತು ಅಂದುಕೊಂಡಿದ್ದೆ. ಕರೆ ಬಂದಿರಲಿಲ್ಲ. ನೀನೇ ಮಾಡಿದ್ದೆ. ಮಾಮನ ಕಾಲು ಹೋದದ್ದು ಡಿಸೆಂಬರ್ ಹನ್ನೆರಡಕ್ಕಲ್ಲ. ಈ ಫೋಟೋದಲ್ಲಿ ಹೋಗುತ್ತಿದೆ. ನಾನು ನಗುತ್ತಿದ್ದೇನೆ.

ಇದನ್ನು ತೋರಿಸಿ ಬಚಾವಾಗ್ತೀಯಾ? ತೋರಿಸು.

ನನಗೆ ನನ್ನ ಮೇಲೂ ಉರಿಯುತ್ತಿದೆ. ಮೋಟು ಬಾಲದ ಕಥೆ ಬರೆದದ್ದು ನಿನಗೆ ನಾಚಿಕೆಯಾಗಲಿ ಎಂದು. ನೀನು ಅದನ್ನು ತಗೊಂಡುಹೋಗಿ ವಕೀಲನ ಕೈಗೆ ಕೊಟ್ಟೆ, ಅವನು ಆಂಟಿಯ ಕುತ್ತಿಗೆಗೆ ಕಟ್ಟಿದ. ಹನ್ನೆರಡನೇ ವಯಸ್ಸಿನ ನನ್ನ ತರಲೆಯನ್ನು ಐವತ್ತೆರಡನೇ ವಯಸ್ಸಿನ ನೀನು ಕೆಲಸಕ್ಕೆ ಹಚ್ಚಿದೆ. ಇಬ್ಬರಲ್ಲಿ ಯಾರು ದೊಡ್ಡ ಕಿತಾಪತಿ ಹೇಳು.

ಸಾವಿರದ ಇನ್ನೂರು ಜನರ ಲೆಕ್ಕ ನನಗೆ ಹೇಳಬೇಡ. ಮಾಮ ಆ ಸಾವಿರದ ಇನ್ನೂರರಲ್ಲಿ ಇಲ್ಲವಾ? ಆಂಟಿ ಇಲ್ಲವಾ? ಯಾರ ಕಾಲು ಹೋಯಿತೋ, ಯಾರ ಕೆಲಸ ಹೋಯಿತೋ ಅವರನ್ನು ಕಳೆಯುತ್ತಾ ಹೋದರೆ ಕೊನೆಗೆ ಉಳಿಯುವವನು ನೀನೊಬ್ಬನೇ.

ನಿನ್ನೆ ವ್ಯಾಯಾಮದ ಕೋಣೆಯಲ್ಲಿ ಮಾಮ ಊರುಗೋಲಿಲ್ಲದೆ ಎರಡು ಕಂಬಿಗಳ ನಡುವೆ ಐದು ಹೆಜ್ಜೆ ಹಾಕಿದರು. ನಾನು ಚಪ್ಪಾಳೆ ತಟ್ಟಿದೆ. ಅವರು ಒಮ್ಮೆಲೇ ನಿಂತು, ಗಾಳಿಯಲ್ಲಿ ಬಲಗೈ ಚಾಚಿ ಹೆಬ್ಬೆರಳಿನಿಂದ ಏನನ್ನೋ ಒತ್ತಿದರು. ಮತ್ತೆ ಒತ್ತಿದರು. "ಏನ್ ಮಾಮ?" ಅಂದೆ. "ಇಳಿಯೋವಾಗ ಕೈ ತಾನಾಗೇ ಹೀಗ್ ಹೋಗ್ತಿತ್ತಲ್ಲ, ಅವತ್ಯಾಕೆ ಹೋಗ್ಲಿಲ್ಲ ಅಂತ ನೋಡ್ತಿದೀನಿ ಪುಟ್ಟಿ" ಅಂದರು. ದಿನಾ ನೋಡುತ್ತಾರಂತೆ. ಲಿಫ್ಟ್ ಹತ್ತುವುದಿಲ್ಲ. ಒಂದೇ ಕಾಲಿನಲ್ಲಿ, ಊರುಗೋಲು ಹಿಡಿದು, ಮೂರು ಮಹಡಿ ಮೆಟ್ಟಿಲು ಹತ್ತುತ್ತಾರೆ. "ಮರೆಯೋ ಮನುಷ್ಯ ಲಿಫ್ಟ್ ಹತ್ತಿರ ಹೋಗಬಾರದು" ಅನ್ನುತ್ತಾರೆ.

ಕಾಲು ತೆಗೆದದ್ದು ಡಾಕ್ಟರು. ಅವರಿಗೆ ತಮ್ಮ ಮೇಲಿದ್ದ ನಂಬಿಕೆ ತೆಗೆದದ್ದು ನೀನು.

ನಾನೇ ಇನ್‌ಸ್ಪೆಕ್ಟರಿಗೆ ಎಲ್ಲ ಬರೆಯಬಹುದು. ಲಕೋಟೆಯ ಮೇಲೆ ವಿಳಾಸವೂ ಬರೆದಾಗಿದೆ. ೨೭ರವರೆಗೆ ಅಂಟಿಸುವುದಿಲ್ಲ. ಹದಿನೈದು ದಿನ ಆಗುತ್ತದೆ ಅಪ್ಪ. ನಿನ್ನದೇ ನಿಯಮ.

ನಿನ್ನ ಮಗಳು

*

ಫೆಬ್ರವರಿ ೨೮

ಮಗಳೇ,

ಕೈಯಲ್ಲಿ ಇಷ್ಟು ಉದ್ದದ ಪತ್ರ ಬರೆದು ಎಷ್ಟು ವರ್ಷವಾಯಿತೋ. ಅಕ್ಷರ ಕೆಟ್ಟಿದೆ, ತಿದ್ದಿಕೊಂಡು ಓದು.

ನಿನ್ನ ಪತ್ರ ಬಂದ ಮೇಲೆ ನಾನೇನೂ ತಕ್ಷಣ ಒಳ್ಳೆಯವನಾಗಲಿಲ್ಲ. ಅದನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಹನ್ನೆರಡು ದಿನ ಓಡಾಡಿದೆ. ನಿನ್ನನ್ನು ಬೈದುಕೊಂಡೆ. ನಿನ್ನೆ ಬೆಳಗ್ಗೆ ಗ್ರಂಥಾಲಯದ ಕೆಳಗಿನ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಕೂತರು. ನಮ್ಮ ವಕೀಲರು ಸೀಲಿನ ಕಥೆ ಶುರು ಮಾಡಿದರು. ನಿನ್ನ ಆಂಟಿ ಕಿಟಕಿಯ ಹತ್ತಿರ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಕಡೆ ನೋಡಿ, ಅಭ್ಯಾಸಬಲದಿಂದ ಎದ್ದು ನಿಂತರು. ನಾನು ಕೋಣೆಗೆ ಬಂದಾಗಲೆಲ್ಲ ಅವರು ಏಳುತ್ತಿದ್ದದ್ದು ಹಾಗೇ. ನಾನು ಅವರನ್ನು ಕಳ್ಳಿ ಎನಿಸಲು ಬಂದಿದ್ದೆ, ಅವರು ಎದ್ದು ನಿಂತರು.

"ಗುಂಡಿಯನ್ನು ಯಾರಾದರೂ ನೋಡಿದಾರಾ?" ಎಂದು ಕೇಳಿದೆ. ವಕೀಲರು "ಸರ್, ಸುಮ್ನೆ ಕೂತ್ಕೊಳಿ" ಎಂದು ಕೋಟು ಜಗ್ಗಿದರು. ಅವಘಡದ ದಿನವೇ ಇನ್‌ಸ್ಪೆಕ್ಟರ್ ಬೀಗ ಹಾಕಿಸಿದ್ದರು, ಆಮೇಲೆ ಯಾರೂ ಇಳಿದಿರಲಿಲ್ಲ. ನಾನು ಇಳಿಯುತ್ತೇನೆ ಎಂದೆ. ಕೋಟು ಬಿಚ್ಚಿ ಕಬ್ಬಿಣದ ಏಣಿ ಹಿಡಿದೆ. ಹನ್ನೊಂದು ವರ್ಷವಾಗಿತ್ತು ಗುಂಡಿಗೆ ಇಳಿದು.

ಟಾರ್ಚ್ ಬಿಟ್ಟೆ. ಕೆಂಪು ಬಟನ್ನಿನ ಮೇಲೆ ಗ್ರೀಸಿನ ಹೆಬ್ಬೆರಳಿನ ಗುರುತು. ಕಪ್ಪಗೆ, ಪೂರ್ತಿಯಾಗಿ. ನಿನ್ನ ಅಂಗಿಯ ಮೇಲೆ ಇರುತ್ತಿತ್ತಲ್ಲ, ಅದೇ.

ಇನ್‌ಸ್ಪೆಕ್ಟರ್ ಬಗ್ಗಿ ಫೋಟೋ ತೆಗೆದುಕೊಂಡರು. ಆಮೇಲೆ ನಾನು ಬಟನ್ನಿನ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದು, ಎರಡನೇ ಮಹಡಿಯಲ್ಲಿದ್ದ ಲಿಫ್ಟನ್ನು ಮೂರಕ್ಕೆ ಕರೆಯಲು ಹೇಳಿದೆ. ನಿಲ್ಲಬೇಕಿತ್ತು. ತಲೆಯ ಮೇಲೆ ಹಗ್ಗಗಳು ಅಲುಗಾಡಿದವು, ಲಿಫ್ಟ್ ಹೊರಟೇಬಿಟ್ಟಿತು. ಮೇಲಕ್ಕೆ ಹೋಗುತ್ತಿದೆ ಎಂದು ಗೊತ್ತಿದ್ದೂ ಕೂಗಿಕೊಂಡೆ. ಬಟನ್ನಿನ ಹಿಂದೆ ವೈರಿನ ತುದಿ ಹಾಗೇ ನೇತಾಡುತ್ತಿತ್ತು, ಟೇಪ್ ಸುತ್ತಿ ಬಿಟ್ಟಿದ್ದರು.

ಮೇಲೆ ಬಂದು ಹೇಳಿದೆ: ಫೋನ್ ಮಾಡಿದ್ದು ನಾನು. ವೈರಿಂಗ್ ಆಗಿಲ್ಲ ಎಂದು ಕೇಳಿಸಿಕೊಂಡೂ ಸೀಲು ಹಾಕಿ ಎಂದವನು ನಾನು. ಇವರು ನಾನು ಹೇಳಿದ್ದನ್ನು ಮಾಡಿದರು. ಅವನು ಬಟನ್ ಒತ್ತಿದ್ದ. ನಿನ್ನ ಫೋಟೋವನ್ನೂ ಮೇಜಿನ ಮೇಲಿಟ್ಟೆ. ಸೀಲನ್ನು ಇನ್‌ಸ್ಪೆಕ್ಟರ್ ಜಪ್ತಿ ಮಾಡಿಕೊಂಡರು.

ಸಂಜೆ ಮಂಡಳಿಯವರು ಸೇರಿ ನನ್ನನ್ನು ಹುದ್ದೆಯಿಂದ ಇಳಿಸಿದರು. ನನ್ನ ಮೇಲೆ ಕೇಸು ನಡೆಯುತ್ತದೆ. ನಿನ್ನ ಆಂಟಿ ಸೋಮವಾರದಿಂದ ಕೆಲಸಕ್ಕೆ ಬರುತ್ತಾರೆ. ಕ್ಷಮೆ ಕೇಳಲು ಹೋದೆ. "ಇವತ್ತು ಬೇಡ ಸರ್" ಎಂದು ಬಸ್ ಹತ್ತಿದರು.

ಇದರೊಳಗೆ ಇನ್ನೊಂದು ಲಕೋಟೆ ಇದೆ. ಗುರುವಿಗೆ ಕೊಡು.

ಅಪ್ಪ
(ಬಾಲ ನೋಡಿಕೋ. ಕೈಯಲ್ಲೇ ಹಾಕಿದ್ದು.)

*

ಮಾರ್ಚ್ ೮

ಇವರಿಗೆ,
ಮಾಜಿ ಮುಖ್ಯ ಕಾರ್ಯನಿರ್ವಾಹಕರು, ಹಾಲಿ ಅಪ್ಪ,
ಮನೆ.

ವಿಷಯ: ಒಂದು ಲಕೋಟೆಯ ಬಟವಾಡೆ ಕುರಿತು.

ಮಾನ್ಯರೇ,

ಬಾಲ ಪರಿಶೀಲಿಸಲಾಗಿದೆ. ಉದ್ದವಿದೆ.

ಲಕೋಟೆಯನ್ನು ಮಾರ್ಚ್ ೪ರಂದು ಹನ್ನೊಂದನೇ ಹಾಸಿಗೆಗೆ ತಲುಪಿಸಿದೆ. ಮಾಮ ಕನ್ನಡಕ ಹುಡುಕಿ, ಹಾಕಿಕೊಂಡು, ತುಟಿಯಾಡಿಸುತ್ತಾ ಓದಿದರು. ನೀನು ಬರೆದದ್ದು ಎರಡೇ ಸಾಲು. "ಗುರುಗಳೇ, ನೀವು ಒತ್ತಿದ್ದಿರಿ. ನಾನೂ ಇಳಿದು ಒತ್ತಿದೆ, ನಿಲ್ಲಲಿಲ್ಲ." ಮಾಮ ಅದನ್ನು ನನ್ನ ಕೈಗೆ ಕೊಟ್ಟು "ನೀನ್ ಓದು" ಅಂದರು. ಓದಿದೆ. "ಇನ್ನೊಂದ್ಸಲ" ಅಂದರು. ನಾಲ್ಕು ಸಲ ಓದಿಸಿದರು. ಆಮೇಲೆ ದಿಂಬಿನಡಿಯಿಂದ ಹಳೇ ವರದಿ ತೆಗೆದು, ಸಣ್ಣಸಣ್ಣಗೆ ಹರಿದು, ಔಷಧಿ ಲೋಟದಲ್ಲಿ ತುಂಬಿದರು.

ಮಧ್ಯಾಹ್ನ ವ್ಯಾಯಾಮದ ಕೋಣೆಗೆ ಹೊರಟಾಗ ನಾನು ಮೆಟ್ಟಿಲ ಕಡೆ ತಿರುಗಿದೆ. ಅವರು ಲಿಫ್ಟಿನ ಮುಂದೆ ನಿಂತರು. ಒಳಗೆ ಹೋದೆವು. ಜೊತೆಗೆ ಊಟದ ಗಾಡಿ, ಇಬ್ಬರು ನರ್ಸು, ಒಬ್ಬರು ದೊಡ್ಡ ಡಾಕ್ಟರು. ಎರಡನೇ ಮಹಡಿಗೂ ಮೊದಲನೆಯದಕ್ಕೂ ನಡುವೆ ಮಾಮ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೈ ಚಾಚಿ, ಕೆಂಪು ಬಟನ್ ಒತ್ತಿಯೇಬಿಟ್ಟರು. ಧಡ್ ಅಂತ ನಿಂತಿತು. ದೊಡ್ಡ ಡಾಕ್ಟರು "ಯಾರ್ರೀ ಅದು, ಬುದ್ಧಿ ಇಲ್ವಾ?" ಎಂದು ಕೂಗಿದರು. ಕೆಳಗಿನಿಂದ ಯಾರೋ ಬಾಗಿಲು ಬಡಿದರು.

"ನಿಂತ್ತು ನೋಡು" ಅಂದರು ಮಾಮ. "ಹೀಗೇ ಒತ್ತಿದ್ದೆ ಪುಟ್ಟಿ. ಅವತ್ತೂ ಹೀಗೇ ಒತ್ತಿದ್ದೆ." ನಗುತ್ತಿದ್ದರು. ಆಮೇಲೆ ನಗು ಕೆಟ್ಟಿತು, ಗೋಡೆ ಕಡೆ ತಿರುಗಿಕೊಂಡರು. ಸ್ವಲ್ಪ ಹೊತ್ತು ಹಾಗೇ ನಡುವೆ ನಿಂತಿದ್ದೆವು.

ವರದಿ ಬಂದ ದಿನದಿಂದ ನಿನ್ನ ಎರಡು ಸಾಲು ಬರುವವರೆಗೆ ಅರವತ್ತೊಂದು ದಿನ. ಅರವತ್ತೊಂದು ದಿನ ಆ ಮನುಷ್ಯ ಗಾಳಿಯಲ್ಲಿ ಬಟನ್ ಒತ್ತಿ ನೋಡಿದ. ನೀನು ಗುಂಡಿಗೆ ಇಳಿದೆ, ಒಪ್ಪಿಕೊಂಡೆ, ಸರಿ. ಅದಕ್ಕೆ ಚಪ್ಪಾಳೆ ನಿರೀಕ್ಷಿಸಬೇಡ. ಏಣಿ ಮೊದಲ ದಿನವೂ ಅಲ್ಲೇ ಇತ್ತು. ನನ್ನ ಕೋಪ ಇನ್ನೂ ವಿಚಾರಣೆಯ ಹಂತದಲ್ಲಿದೆ, ಈ ಹಂತದಲ್ಲಿ ಹೆಚ್ಚಿನ ಪ್ರತಿಕ್ರಿಯೆ ನೀಡಲಾಗದು.

ಆದರೆ ಮಾಮನ ಕಡೆಯಿಂದ ಒಂದು ಆದೇಶವಿದೆ. ಅವರ ಹೊಸ ಕಾಲು ಇದೇ ೨೩ಕ್ಕೆ ಬರುತ್ತದೆ. "ಮೊದಲ ಸವಾರಿಗೆ ಅವ್ನಿಲ್ದೆ ಆಗಲ್ಲ. ಬಂದು ಪಕ್ಕದಲ್ಲಿ ನಿಲ್ಲಕ್ಕೆ ಹೇಳು, ಬಿದ್ರೆ ಹಿಡೀಬೇಕು" ಅಂದಿದ್ದಾರೆ. ಕ್ಷಮಿಸಿದರಾ ಅಂತ ನಾನು ಕೇಳಲಿಲ್ಲ. ನೀನೂ ಬಂದು ಕೇಳಬೇಡ. ಹಿಡಿದುಕೊಳ್ಳುವುದಷ್ಟೇ ನಿನ್ನ ಕರ್ತವ್ಯ ಮತ್ತು ಜವಾಬ್ದಾರಿ.

ಬೆಳಗ್ಗೆ ಹನ್ನೊಂದೂಕಾಲಿಗೆ, ಎರಡು ಕಂಬಿಗಳ ನಡುವೆ. ಎರಡೂ ಕೈ ಖಾಲಿ ಇರಬೇಕು. ಫೋನನ್ನು ಬಾಗಿಲಾಚೆ ಇಟ್ಟು ಬರತಕ್ಕದ್ದು.

ಕಿತಾಪತಿ